‘ಬಿಗಿ’ ಎಂಬ ಒಂದೇ ಪದ ಸಾಲುತ್ತದೆಯೇ? ಉಕ್ಕಿನ ಜೋಡಣೆಗಳ ಪದಗಳ ಬಗ್ಗೆ ವಿಚಾರಣೆ

ಮಾನ್ಯರೇ,

ಉಕ್ಕಿನ ಕಟ್ಟಡಗಳಲ್ಲಿ ತೊಲೆ, ಕಂಬ, ಬ್ರೇಸಿಂಗುಗಳನ್ನು (ಕಟ್ಟಡ ವಾಲದಂತೆ ಓರೆಯಾಗಿ ಹಾಕುವ ಪಟ್ಟಿಗಳನ್ನು) ಒಂದಕ್ಕೊಂದು ಕೂಡಿಸುವ ಕೆಲಸದ ಬಗ್ಗೆ ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಕೆಲಸದ ಜಾಗದ ಮೇಸ್ತ್ರಿಗಳಿಗೂ ನೆರವಾಗುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೋಲ್ಟು, ನಟ್ಟು, ವಾಷರ್, ರಿವೆಟ್ ಇವನ್ನೆಲ್ಲ ಹಾಗೆಯೇ ಉಳಿಸಿಕೊಂಡಿದ್ದೇನೆ. ಅವು ಕನ್ನಡದ ಪದಗಳೇ ಆಗಿವೆ. ಕಷ್ಟವಾಗಿರುವುದು ಈ ವಸ್ತುಗಳು ಒಳಗೊಳಗೇ ಮಾಡುವ ಕೆಲಸವನ್ನು ಹೆಸರಿಸುವುದು. ಅದರಲ್ಲೂ ‘ಬಿಗಿ’ ಎಂಬ ಪದದ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

ಬೋಲ್ಟು ಹಾಕಿದ ಜೋಡಣೆ ಎರಡು ಬಗೆಯಲ್ಲಿ ಭಾರ ಹೊರುತ್ತದೆ. ಮೊದಲ ಬಗೆಯಲ್ಲಿ 20 ಮಿ.ಮೀ. ಬೋಲ್ಟನ್ನು 22 ಮಿ.ಮೀ. ತೂತಿಗೆ ಹಾಕಿ ನಟ್ಟು ತಿರುಗಿಸಿರುತ್ತಾರೆ. ಭಾರ ಬಿದ್ದಾಗ ಪ್ಲೇಟುಗಳು ಆ ಸಡಿಲು ಮುಗಿಯುವವರೆಗೆ ಸರಿದು, ಬೋಲ್ಟಿನ ಮೈ ತೂತಿನ ಗೋಡೆಗೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬೋಲ್ಟು ಅಡ್ಡಕ್ಕೆ ಕತ್ತರಿಸಿಹೋಗದಂತೆಯೂ ತೂತಿನ ಬಳಿ ಪ್ಲೇಟು ನಜ್ಜಾಗದಂತೆಯೂ ನೋಡಿಕೊಳ್ಳುವುದೇ ವಿನ್ಯಾಸದ ಲೆಕ್ಕ. ಎರಡನೆಯ ಬಗೆಯಲ್ಲಿ 8.8 ದರ್ಜೆಯಂಥ ಗಟ್ಟಿ ಉಕ್ಕಿನ ಬೋಲ್ಟನ್ನು, ಅದು ರಬ್ಬರಿನ ಹಾಗೆ ಕೊಂಚ ಉದ್ದವಾಗುವಷ್ಟು, ನಟ್ಟು ತಿರುಗಿಸಿ ಎಳೆದಿಟ್ಟಿರುತ್ತಾರೆ. 20 ಮಿ.ಮೀ. ಬೋಲ್ಟಿನಲ್ಲಿ ಆ ಎಳೆತ ಸುಮಾರು 137 ಕಿಲೋನ್ಯೂಟನ್, ಅಂದರೆ ಹತ್ತಿರಹತ್ತಿರ 14 ಟನ್ ತೂಕದಷ್ಟು. ಅಷ್ಟು ಬಲದಿಂದ ಅದುಮಿಕೊಂಡ ಪ್ಲೇಟುಗಳು ಒಂದರ ಮೈಯನ್ನು ಇನ್ನೊಂದು ಹಿಡಿದುಕೊಳ್ಳುವುದರಿಂದಲೇ ಭಾರ ದಾಟುತ್ತದೆ. ಜೋಡಣೆ ಸರಿಯಾಗಿದ್ದರೆ ಬೋಲ್ಟು ತೂತಿನ ಗೋಡೆಯನ್ನು ಮುಟ್ಟುವುದೇ ಇಲ್ಲ.

ಕನ್ನಡದಲ್ಲಿ ನಾವು ಎರಡಕ್ಕೂ ‘ಬೋಲ್ಟು ಬಿಗಿಯಾಗಿದೆ’ ಎಂದೇ ಹೇಳುತ್ತೇವೆ. ಇದರಿಂದ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಶೆಡ್ಡಿನಲ್ಲಿ ಕ್ರೇನು ಓಡಾಡುವ ತೊಲೆಯನ್ನು ಹೊತ್ತ ಬ್ರಾಕೆಟ್ಟುಗಳ ಜೋಡಣೆಗಾಗಿ ಸೂಚನೆಯನ್ನು ಕನ್ನಡದಲ್ಲಿ ಬರೆದುಕೊಟ್ಟವನು ನಾನೇ: ‘ಕೂಡುವ ಮುಖಗಳನ್ನು ಸಿದ್ಧಪಡಿಸಿ, ಬೋಲ್ಟುಗಳನ್ನು ಬಿಗಿಯಾಗಿ ಕಟ್ಟುವುದು.’ ಉಕ್ಕಿನ ಮೈಯನ್ನು ‘ಸಿದ್ಧಪಡಿಸುವುದು’ ಎಂದರೆ ಬಣ್ಣ ಬಳಿಯುವುದು ಎಂದು ಕೆಲಸದವರು ತಿಳಿದರು. ತುಕ್ಕು ಹಿಡಿಯದಿರಲೆಂದು ಕಾಳಜಿಯಿಂದಲೇ ಎರಡೂ ಮುಖಗಳಿಗೆ ಕೆಂಪು ಪ್ರೈಮರ್ ಬಳಿದು, ಆಮೇಲೆ ತಮ್ಮ ಶಕ್ತಿಯಿದ್ದಷ್ಟು ಬಿಗಿದರು. ಕ್ರೇನು ಹಿಂದೆ ಮುಂದೆ ಹೋದಾಗಲೆಲ್ಲ ಮೇಲಿನಿಂದ ಟಕ್ಕೆಂಬ ಸದ್ದು ಬರತೊಡಗಿದ ಮೇಲೆ ಒಂದು ಪ್ಲೇಟನ್ನು ಬಿಚ್ಚಿಸಿ ನೋಡಿದೆ. ತೂತಿನ ಸುತ್ತ ಬಣ್ಣ ಮಾತ್ರ ಉಂಗುರದ ಆಕಾರದಲ್ಲಿ ತಿಕ್ಕಿಹೋಗಿತ್ತು. ತೂತಿನ ಒಳಗೋಡೆಯಲ್ಲಿ ಎದುರುಬದುರಾಗಿ ಎರಡು ಕಡೆ, ಉಗುರಿನ ಗಾತ್ರದ ಅರ್ಧಚಂದ್ರಗಳು ಹೊಳೆಯುತ್ತಿದ್ದವು. ಬೋಲ್ಟು ಅಲ್ಲಿಗೆ ಬಂದು ಬಂದು ಬಡಿದಿತ್ತು. ಹಿಡಿತದಿಂದ ನಿಲ್ಲಬೇಕಾಗಿದ್ದ ಜೋಡಣೆ ಮೊದಲ ಬಗೆಯದಾಗಿ ಮಾರ್ಪಟ್ಟಿತ್ತು. ನಮ್ಮ ದೇಶದ ಸಂಹಿತೆಯಾದ ಐಎಸ್ 800ರ 2007ರ ಆವೃತ್ತಿಯಲ್ಲಿ, ಗ್ರಿಟ್ ಬ್ಲಾಸ್ಟಿಂಗ್ ಮಾಡಿ (ಒರಟು ಹರಳುಗಳನ್ನು ರಭಸದಿಂದ ಸಿಡಿಸಿ) ಸಡಿಲ ತುಕ್ಕು ತೆಗೆದ ಮುಖಕ್ಕೆ ಹಿಡಿತದ ಗುಣಾಂಕ, ಅಂದರೆ ಅದುಮುವ ಬಲದಲ್ಲಿ ಜಾರದಂತೆ ತಡೆಯುವ ಪಾಲು, 0.50 ಎಂದಿದ್ದರೆ, ಕೆಂಪು ಸೀಸದ ಬಣ್ಣ ಬಳಿದ ಮುಖಕ್ಕೆ 0.1 ಎಂದಿದೆ. ಬೋಲ್ಟು ಅದೇ, ಎಳೆತ ಅದೇ. ಒಂದು ಪದರ ಬಣ್ಣದಿಂದ ತಾಳಿಕೆ ಐದರಲ್ಲಿ ಒಂದು ಪಾಲಿಗೆ ಇಳಿಯಬಲ್ಲದು. ಕೆಲಸದವರು ತಪ್ಪು ಮಾಡಲಿಲ್ಲ, ನನ್ನ ವಾಕ್ಯ ಅವರಿಗೆ ಹೇಳಬೇಕಾದುದನ್ನು ಹೇಳಲಿಲ್ಲ ಎಂಬುದು ಅಂದಿನಿಂದಲೂ ನನ್ನನ್ನು ಕಾಡುತ್ತಿದೆ.

ಆದ್ದರಿಂದ ಮೊದಲ ಬಗೆಗೆ ‘ಆನಿಕೆ ಜೋಡಣೆ’ ಎಂದೂ ಎರಡನೆಯದಕ್ಕೆ ‘ಹಿಡಿತದ ಜೋಡಣೆ’ ಎಂದೂ ಬಳಸಲು ಯೋಚಿಸಿದ್ದೇನೆ. ‘ಗೋಡೆಗೆ ಆನಿಸಿ ಇಡು’, ‘ಕಂಬಕ್ಕೆ ಆತು ನಿಂತ’ ಎಂಬ ಮಾತುಗಳಲ್ಲಿರುವ ‘ಆನು’ ಧಾತುವಿಗೆ ಭಾರವನ್ನು ಇನ್ನೊಂದರ ಮೇಲೆ ಬಿಡುವುದು, ಆ ಭಾರವನ್ನು ತಾಳಿಕೊಳ್ಳುವುದು ಎಂಬ ಎರಡೂ ಅರ್ಥಗಳಿವೆ. ಬೋಲ್ಟಿನ ಮೈಗೂ ತೂತಿನ ಗೋಡೆಗೂ ಇರುವ ಸಂಬಂಧ ನಿಖರವಾಗಿ ಅದೇ. ‘ಒರಗು’ ಎಂಬುದನ್ನು ಬಿಟ್ಟಿರುವುದು ಅದಕ್ಕೆ ಮಲಗುವುದು, ಬಿದ್ದು ಸಾಯುವುದು ಎಂಬ ಅರ್ಥಗಳೂ ಹತ್ತಿಕೊಂಡಿರುವುದರಿಂದ. ಆದರೆ ‘ಆನಿಕೆ’ ಇಂದಿನ ವಿದ್ಯಾರ್ಥಿಗೆ ಕೂಡಲೇ ತಿಳಿಯುತ್ತದೆಯೇ? ಹಳೆಯ ಮೈಸೂರಿನ ಕಡೆ ‘ಆನ್ಕೊಂಡು ಕೂತ್ಕೋ’ ಎನ್ನುವುದನ್ನು ಕೇಳಿಯೇ ಬೆಳೆದವನಾದ್ದರಿಂದ ನನ್ನ ಕಿವಿಯನ್ನು ಮಾತ್ರ ನಂಬುವಂತಿಲ್ಲ. ಧಾರವಾಡ, ಕಲಬುರಗಿ, ಕರಾವಳಿಯ ಕಡೆಯವರು ದಯವಿಟ್ಟು ತಿಳಿಸಬೇಕು.

ಎರಡನೆಯದಕ್ಕೆ ‘ಘರ್ಷಣೆ ಜೋಡಣೆ’ ಏಕೆ ಬೇಡ ಎಂದು ಕೇಳಬಹುದು. ಶಾಲೆಯ ವಿಜ್ಞಾನದಿಂದ ಆ ಪದ ಎಲ್ಲರಿಗೂ ಗೊತ್ತು, ನಿಜ. ಆದರೆ ಘರ್ಷಣೆ ಎಂದಾಗ ಮನಸ್ಸಿಗೆ ಬರುವುದು ಉಜ್ಜಾಟ, ಸವೆತ, ಪತ್ರಿಕೆಯ ಶೀರ್ಷಿಕೆಯಾದರೆ ಎರಡು ಗುಂಪುಗಳ ಹೊಡೆದಾಟ. ಇಲ್ಲಿ ಬೇಕಾಗಿರುವುದು ಒಂದಿಷ್ಟೂ ಉಜ್ಜಾಟವಾಗದಂತೆ ಗಟ್ಟಿಯಾಗಿ ಹಿಡಿದು ನಿಲ್ಲುವುದು.

ಇನ್ನು ‘ಬಿಗಿ’ಯ ಹಂತಗಳು. ಬೆರಳಿನಿಂದ ತಿರುಗಿಸುವುದಕ್ಕೆ ‘ಕೈಬಿಗಿ’ ಎಂಬ ಪದ ಇದ್ದೇ ಇದೆ. ಒಬ್ಬ ಮನುಷ್ಯ ಸಾಮಾನ್ಯ ಸ್ಪ್ಯಾನರಿನಿಂದ ಪೂರ್ತಿ ಬಲ ಹಾಕಿ ತಿರುಗಿಸಿ, ಪ್ಲೇಟುಗಳ ನಡುವೆ ಬೆಳಕಿಂಡಿ ಕಾಣದಂತೆ ಕೂರಿಸುವುದು ಮುಂದಿನ ಹಂತ. ಉತ್ತರ ಕರ್ನಾಟಕದಲ್ಲಿ ಸ್ಪ್ಯಾನರಿಗೆ ‘ಪಾನಾ’ ಎನ್ನುವುದರಿಂದ ಇದಕ್ಕೆ ‘ಪಾನಾಬಿಗಿ’ ಎನ್ನಬಹುದೆಂದು ತೋರುತ್ತದೆ. ಆನಿಕೆ ಜೋಡಣೆಗೆ ಇಷ್ಟು ಸಾಕು. ಹಿಡಿತದ ಜೋಡಣೆ ಇಲ್ಲಿಂದ ಶುರುವಾಗುತ್ತದೆ: ನಟ್ಟಿನ ಮೇಲೂ ಬೋಲ್ಟಿನ ತುದಿಯ ಮೇಲೂ ಒಂದೇ ಗೆರೆಯಾಗಿ ಸೀಮೆಸುಣ್ಣದ ಗುರುತು ಹಾಕಿ, ಬೋಲ್ಟಿನ ಉದ್ದಕ್ಕೆ ತಕ್ಕಂತೆ ಇನ್ನೂ ಸುತ್ತಿನ ಮೂರನೆಯ ಒಂದು ಪಾಲನ್ನೋ ಅರ್ಧ ಸುತ್ತನ್ನೋ ತಿರುಗಿಸುವುದು ಅಮೆರಿಕದಲ್ಲಿ ಬೆಳೆದುಬಂದು ಈಗ ಹಲವೆಡೆ ಬಳಕೆಯಲ್ಲಿರುವ ಒಂದು ಕ್ರಮ. ಗೆರೆ ಮುರಿದು ಎರಡಾಗಿ ನಿಂತಿರುವ ಕೋನವನ್ನು ನೋಡಿದರೆ ಕೆಲಸವಾಗಿದೆಯೋ ಇಲ್ಲವೋ ಎಂಬುದು ಕೆಳಗೆ ನಿಂತವರಿಗೂ ತಿಳಿಯುತ್ತದೆ. ಈ ಕೊನೆಯ ಹಂತಕ್ಕೆ ‘ಸೆಳೆಬಿಗಿ’ ಎಂಬ ಪದವನ್ನು ಸೂಚಿಸುತ್ತೇನೆ, ಏಕೆಂದರೆ ಇಲ್ಲಿ ನಡೆಯುವುದು ಬೋಲ್ಟನ್ನು ಉದ್ದಕ್ಕೆ ಸೆಳೆದಿಡುವ ಕೆಲಸ.

ಪರೀಕ್ಷೆಯ ಪದಗಳಲ್ಲಿ ಕನ್ನಡ ತಾನಾಗಿಯೇ ನೆರವಿಗೆ ಬರುತ್ತದೆ. ಹಿಡಿತದ ಜೋಡಣೆಯ ಮಾದರಿಯನ್ನು ಎಳೆಯಂತ್ರದಲ್ಲಿ ಸಿಕ್ಕಿಸಿ ಭಾರ ಏರಿಸುತ್ತ ಹೋದಾಗ, ಪ್ಲೇಟಿನ ಅಲುಗಾಟ ಅಳೆಯುವ ಡಯಲ್ ಗೇಜಿನ ಮುಳ್ಳು ಬಹಳ ಹೊತ್ತು ಅಲುಗಿದ್ದೂ ಕಾಣುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕೋಣೆಗೆಲ್ಲ ಕೇಳುವ ಸದ್ದಿನೊಂದಿಗೆ ಮುಳ್ಳು ಹಾರುತ್ತದೆ. ಇದು ‘ಜಾರು’. ಬಣ್ಣವೋ ಸತುವಿನ ಲೇಪವೋ ದಪ್ಪವಾಗಿದ್ದಾಗ ಸದ್ದಿಲ್ಲದೆ ಸ್ವಲ್ಪಸ್ವಲ್ಪವೇ ಸ್ಥಾನ ಬಿಡುವುದು ‘ಸರಿ’. ಎರಡನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಒಂದು ತೊಡಕೆಂದರೆ ವರದಿಯಲ್ಲಿ ‘ಜೋಡಣೆ ಸರಿದಿದೆ’ ಎಂದು ಬರೆದರೆ ಅವಸರದಲ್ಲಿ ಓದುವವರು ‘ಸರಿ ಇದೆ’ ಎಂದು ಓದಿಬಿಡಬಹುದು. ಹಾಗಾಗಿ ‘ಮೆಲ್ಲಸರಿತ’ ಎಂದು ಬರೆಯುತ್ತಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಸಂತೋಷದಿಂದ ಒಪ್ಪುತ್ತೇನೆ.

ನನಗೆ ಪೂರ್ತಿ ತೃಪ್ತಿ ಕೊಟ್ಟ ಪದ ‘ಮೀಟು’. ಟಿ ಆಕಾರದ ತುಂಡನ್ನು ತೊಲೆಗೆ ಬೋಲ್ಟು ಮಾಡಿ ಕಾಲನ್ನು ಎಳೆದಾಗ ಅದರ ಚಾಚಿದ ರೆಕ್ಕೆಗಳು ಬಾಗುತ್ತವೆ. ಬಾಗಿದ ರೆಕ್ಕೆಯ ಹೊರಅಂಚು ತೊಲೆಯನ್ನು ಒತ್ತಿ, ಮೀಟುಗೋಲಿನಿಂದ ಕಲ್ಲೆಬ್ಬಿಸುವ ಹಾಗೆ ಬೋಲ್ಟನ್ನು ಮೇಲಕ್ಕೆ ಎಬ್ಬಿಸುತ್ತದೆ. ಇದರಿಂದ ನಾವು ಹಾಕಿದ ಭಾರಕ್ಕಿಂತ ಹೆಚ್ಚಿನ ಎಳೆತ ಬೋಲ್ಟಿಗೆ ಬೀಳುತ್ತದೆ. ‘ಮೀಟುಬಲ’ ಎಂದು ಹೇಳಿದ ಮೇಲೆ ತರಗತಿಯಲ್ಲಿ ಚಿತ್ರ ಬರೆಯುವ ಮೊದಲೇ ಹುಡುಗರು ಅದು ಎಲ್ಲಿ ಹುಟ್ಟುತ್ತದೆ ಎಂದು ಬೆರಳಿಟ್ಟು ತೋರಿಸಿದರು.

‘ಕೀಲು’ ಎಂಬುದನ್ನು ಎಲ್ಲ ಜೋಡಣೆಗಳಿಗೂ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಮೊಣಕಾಲಿನ ಕೀಲು, ಗಾಡಿಯ ಕೀಲು, ಕೀಲೆಣ್ಣೆ ಇವೆಲ್ಲದರಲ್ಲೂ ತಿರುಗುವುದು ಮುಖ್ಯ. ತೊಲೆಯ ತುದಿ ತಿರುಗಲು ಬಿಡುವ ಜೋಡಣೆಗೆ ಮಾತ್ರ ‘ಕೀಲುಜೋಡಣೆ’ ಎಂದು, ತಿರುಗಲು ಬಿಡದೆ ಬಾಗುವಿಕೆಯನ್ನೂ ಕಂಬಕ್ಕೆ ದಾಟಿಸುವುದಕ್ಕೆ ‘ಸೆಟೆಜೋಡಣೆ’ ಎಂದು ಹೇಳಿದರೆ ವಿನ್ಯಾಸದ ಅತಿ ಮುಖ್ಯ ಭೇದವೊಂದು ಹೆಸರಿನಲ್ಲೇ ಕಾಣುತ್ತದೆ. ‘ಸಂಧಿ’ ವ್ಯಾಕರಣದವರಿಗೆ ಸೇರಿದ್ದು. ಅದರಿಂದ ಬಂದ ‘ಸಂದು’ ಎಂದರೆ ಬಳಕೆಯಲ್ಲಿ ಬಿರುಕು, ಇಕ್ಕಟ್ಟಿನ ಜಾಗ. ಹಾಗಾಗಿ ಎರಡೂ ಬೇಡವೆನಿಸಿದೆ.

ಹಲವು ಕಂಬಿಗಳು ಬಂದು ಸೇರುವ ಗಂಟಿನಲ್ಲಿ ಅವನ್ನು ಕೂಡಿಸುವ ಗಸೆಟ್ ಪ್ಲೇಟಿಗೆ ಗೆಳೆಯರೊಬ್ಬರು ‘ತೇಪೆತಗಡು’ ಎಂದು ಸೂಚಿಸಿದ್ದರು. ವಿನಯದಿಂದಲೇ ಆದರೂ ಬಲವಾಗಿ ವಿರೋಧಿಸುತ್ತೇನೆ. ತಗಡು ಎಂದರೆ ಡಬ್ಬಿಯ ತೆಳ್ಳನೆಯ ಲೋಹ. ತೇಪೆ ಎಂದರೆ ಹರಿದ ಮೇಲೆ ಹಚ್ಚುವುದು. 2007ರ ಆಗಸ್ಟ್ 1ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಮೇಲಿನ ಐ-35ಡಬ್ಲ್ಯು ಸೇತುವೆ ಕುಸಿದು 13 ಮಂದಿ ಸತ್ತದ್ದು ಇಂಥ ಪ್ಲೇಟುಗಳಿಂದಲೇ. ಮುಖ್ಯ ಗಂಟುಗಳಲ್ಲಿ ಅವು ಅರ್ಧ ಇಂಚು ದಪ್ಪವಿದ್ದವು, ಇರಬೇಕಾಗಿದ್ದ ದಪ್ಪದ ಸುಮಾರು ಅರ್ಧ. ವಿನ್ಯಾಸದ ಕಾಲದಲ್ಲಿ ಆದ ಆ ಕೊರತೆ ನಲವತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಕಂಬಿಗಳನ್ನು ಕೂಡಿಸುವ ಪ್ಲೇಟು ಕಂಬಿಗಳಷ್ಟೇ ಮುಖ್ಯವೆಂದು ಹೆಸರೇ ಹೇಳಬೇಕು. ‘ಗಂಟುಪ್ಲೇಟು’ ಹೇಗೆ?

ವೆಲ್ಡಿಂಗಿನ ವಿಷಯ ಬೇಗ ಮುಗಿಸುತ್ತೇನೆ. ‘ಬೆಸುಗೆ’ ಸುಂದರವಾದ ಪದ, ಆದರೆ ಅಕ್ಕಸಾಲಿಗರು ಬಿಳಿಗಾರ ಹಾಕಿ ಮಾಡುವುದೂ ಬೆಸುಗೆಯೇ. ಅಲ್ಲಿ ಮೂಲಲೋಹ ಕರಗುವುದಿಲ್ಲ. ಕಟ್ಟಡದ ಉಕ್ಕಿಗೆ ‘ಕರಗುಬೆಸುಗೆ’ ಎಂದರೆ ಗೊಂದಲ ತಪ್ಪುತ್ತದೆ. ಎರಡು ಪ್ಲೇಟುಗಳು ಕೂಡುವ ಮೂಲೆಯಲ್ಲಿ ಹಾಕುವ ಮೂಲೆಬೆಸುಗೆಯ ‘ಕಾಲು’ (ಪ್ಲೇಟಿಗೆ ಅಂಟಿದ ಬದಿ) 6 ಮಿ.ಮೀ. ಇದ್ದರೆ ಭಾರ ಹೊರುವ ಅದರ ‘ಕೊರಳು’ (ಮೂಲೆಯಿಂದ ಬೆಸುಗೆಯ ಹೊರಮೈವರೆಗಿನ ಅತಿ ಕಡಿಮೆ ದಪ್ಪ) 4.2 ಮಿ.ಮೀ. ಮಾತ್ರ, ಈ ಎರಡು ಪದಗಳಿಗೆ ಯಾರ ಆಕ್ಷೇಪವೂ ಇರಲಾರದು.

ಉಳಿದಿರುವುದು ನನ್ನಿಂದ ಬಿಡಿಸಲಾಗದ ಒಂದು ಪದ. ಬೋಲ್ಟುಗಳು ಗಟ್ಟಿಯಾಗಿದ್ದರೂ, ಪ್ಲೇಟಿನ ತುದಿಯ ಭಾಗ ಬೋಲ್ಟುಗಳ ಗುಂಪಿನ ಸಮೇತ ಕಿತ್ತುಕೊಂಡು ಬರುವುದುಂಟು. ಅಂಗಿಯ ಗುಂಡಿಯನ್ನು ಜಗ್ಗಿದಾಗ ದಾರ ಗಟ್ಟಿಯಿದ್ದು ಬಟ್ಟೆಯೇ ತುಂಡಾಗಿ ಬರುವ ಹಾಗೆ. ಎಳೆಯುವ ದಿಕ್ಕಿಗೆ ನೇರವಾದ ಗೆರೆಯಲ್ಲಿ ಪ್ಲೇಟು ಕತ್ತರಿಸಿದಂತೆ ಸೀಳುತ್ತದೆ, ಅಡ್ಡಗೆರೆಯಲ್ಲಿ ಹರಿಯುತ್ತದೆ. ಎರಡೂ ಒಟ್ಟಿಗೆ ಆಗುತ್ತವೆ. ‘ಹರಿತ’ ಎಂದರೆ ಚೂಪು ಎಂದಾಗುತ್ತದೆ, ‘ಕೀಳು’ ಎಂದರೆ ತಗ್ಗಾದದ್ದು ಎಂದಾಗುತ್ತದೆ, ‘ಕಿತ್ತುಬರುವಿಕೆ’ ಎಂದರೆ ಬೋಲ್ಟು ಮಾತ್ರ ಬಂತೆಂದು ಅರ್ಥವಾಗುತ್ತದೆ. ಹೊಲಿಗೆಯವರಲ್ಲಿ, ಚರ್ಮದ ಕೆಲಸದವರಲ್ಲಿ, ಬಡಗಿಗಳಲ್ಲಿ, ಹಿಡಿದದ್ದು ಬಿಡದೆ ಹಿಡಿದ ಜಾಗವೇ ತುಂಡಾಗಿ ಬರುವುದಕ್ಕೆ ಯಾವುದಾದರೂ ಮಾತಿದೆಯೇ? ಊರು, ಕಸುಬುಗಳ ವಿವರದೊಂದಿಗೆ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ.