ಕಿಟ್ ಕಾರು: ಸಿಯೆರಾ ಗೇರ್‌ಬಾಕ್ಸ್‌ಗೆ ಝೆಟೆಕ್ ಎಂಜಿನ್ ಕೂರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಮನೆಯ ಗ್ಯಾರೇಜಿನಲ್ಲೇ ಲೋಟಸ್ ಸೆವೆನ್ ಮಾದರಿಯ, ಎರಡು ಸೀಟಿನ ಹಗುರವಾದ ತೆರೆದ ಕಾರು ಕಟ್ಟುತ್ತಿದ್ದೇನೆ. ಚಾಸಿ ಸಿದ್ಧವಿದೆ. ಪಿಂಟೊ ಎಂಜಿನ್ ಇದ್ದ ಹಳೆಯ ಫೋರ್ಡ್ ಸಿಯೆರಾದಿಂದ ಐದು ಗೇರಿನ ಟೈಪ್ 9 ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಬಿಚ್ಚಿಟ್ಟುಕೊಂಡಿದ್ದೇನೆ. ಅದರ ಎಂಜಿನ್ ಪೂರ್ತಿ ಸವೆದಿತ್ತು, ಹಾಗಾಗಿ ಫೋರ್ಡ್ ಮಾಂಡಿಯೊದ 2.0 ಝೆಟೆಕ್ ಕೊಂಡೆ. ಎರಡೂ ಫೋರ್ಡ್ ಆದ್ದರಿಂದ ಕೂಡುತ್ತದೆ ಎಂದು ನಂಬಿದ್ದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಕವಚದ, ಅಂದರೆ ಬೆಲ್‌ಹೌಸಿಂಗ್‌ನ, ಬೋಲ್ಟ್ ರಂಧ್ರಗಳೇ ತಾಳೆಯಾಗುತ್ತಿಲ್ಲ. ಇದನ್ನು ಮಾರಿ ಪಿಂಟೊ ಹುಡುಕಲೇ, ಹಯಬುಸಾ ಬೈಕಿನ ಎಂಜಿನ್ ಹಾಕಲೇ? ಮಗಳನ್ನು ಕೂರಿಸಿಕೊಂಡು ಭಾನುವಾರ ಸುತ್ತಾಡಬೇಕೆಂಬುದಷ್ಟೇ ಆಸೆ.

ಉತ್ತರ 1:
ಸರ್, 1299 ಸಿಸಿಯ ಹಯಬುಸಾ ಹಾಕಿದ ಸ್ನೇಹಿತರ ಕಾರನ್ನು ಓಡಿಸಿದ್ದೇನೆ. ಟ್ರ್ಯಾಕಿನಲ್ಲಿ ಅದರ ಸುಖವೇ ಬೇರೆ. ಆದರೆ ಅದಕ್ಕೆ ರಿವರ್ಸ್ ಗೇರ್ ಇಲ್ಲ, ಬೈಕಿನ ಎಂಜಿನ್ನಿನೊಳಗೇ ಗೇರ್‌ಬಾಕ್ಸ್ ಇರುವುದರಿಂದ ನಿಮ್ಮದು ವ್ಯರ್ಥವಾಗುತ್ತದೆ. ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿಯದಂತೆ ಸಂಪನ್ನೂ (ಎಂಜಿನ್ ತಳದ ಎಣ್ಣೆ ತೊಟ್ಟಿ) ಬದಲಿಸಬೇಕು. ನಿಮ್ಮ ಉದ್ದೇಶಕ್ಕೆ ಬೇಡ.

ಉತ್ತರ 2:
ದಯವಿಟ್ಟು ಝೆಟೆಕ್ ಮಾರಬೇಡಿ. ಅದರ ಬೋಲ್ಟ್ ರಂಧ್ರಗಳ ವಿನ್ಯಾಸ ಫೋರ್ಡ್‌ನ ಹಳೆಯ ಕೆಂಟ್ ಎಂಜಿನ್ನಿನದ್ದು, ಪಿಂಟೊದ್ದು ಬೇರೆ. ಟೈಪ್ 9ಕ್ಕೆ ಹೊಂದುವ, ಕೆಂಟ್ ವಿನ್ಯಾಸದ ಅಲ್ಯೂಮಿನಿಯಂ ಬೆಲ್‌ಹೌಸಿಂಗ್ ಸಿಗುತ್ತದೆ. ಕ್ಲಚ್ ಪ್ಲೇಟಿನ ಹಲ್ಲುಗಳು ಮಾತ್ರ ನಿಮ್ಮ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್‌ಗೆ (ಎಂಜಿನ್ ಕಡೆ ಚಾಚಿರುವ ದಂಡ) ಸರಿಹೊಂದಬೇಕು.

ನಾನು ಹೆಚ್ಚು ಒದ್ದಾಡಿದ್ದು ಜಾಗಕ್ಕಾಗಿ. ಮಾಂಡಿಯೊದಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ, ನಮ್ಮಲ್ಲಿ ಉದ್ದಕ್ಕೆ ಕೂರಬೇಕು. ತಂಪಾಗಿಸುವ ನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್‌ನ ಗೂಡು ಎಂಜಿನ್ ಹೆಡ್ಡಿನ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿರುವುದರಿಂದ ಡ್ಯಾಶ್‌ಬೋರ್ಡಿನ ಹಿಂದಿನ ತಗಡಿಗೆ ತಾಗುತ್ತದೆ. ನೀರಿನ ದಾರಿಯನ್ನು ಪಕ್ಕಕ್ಕೆ ತಿರುಗಿಸುವ ಕೊಳವೆ ಬೇಕೇ ಬೇಕು. ಮೂಲ ಸಂಪ್ ನೆಲಕ್ಕೆ ತೀರಾ ಹತ್ತಿರ ಇಳಿಯುತ್ತದೆ. ಅದನ್ನು ಗಿಡ್ಡ ಮಾಡಿದರೆ ಎಣ್ಣೆ ಹೀರುವ ಕೊಳವೆಯನ್ನೂ ಅಷ್ಟೇ ಕತ್ತರಿಸಬೇಕು. ಇದನ್ನು ಮರೆತವರ ಬೇರಿಂಗುಗಳು ಸುಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಪಿಂಟೊ ಗಟ್ಟಿ ಎಂಜಿನ್, ಆದರೆ ಎತ್ತರ, ಭಾರ. ಸುಮಾರು 600 ಕೆ.ಜಿ.ಯ ಕಾರಿಗೆ ಝೆಟೆಕ್‌ನ ಸುಮಾರು 130 ಅಶ್ವಶಕ್ತಿ ಧಾರಾಳ. ಮಾಂಡಿಯೊದ ಹಳೆಯ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮೂಲ ಕೀಲಿಯಿಲ್ಲದೆ ಎಂಜಿನ್ ಚಾಲೂ ಮಾಡಲು ಬಿಡದಿರಬಹುದು. ಬೇರೆ ಇಸಿಯುವಿಗೆ ಹಣ ಎತ್ತಿಡಿ. ಎಂಜಿನ್ ಯಾವ ವರ್ಷದ್ದೆಂಬ ದಾಖಲೆಯನ್ನು ಮಾರಿದವರಿಂದ ಈಗಲೇ ಪಡೆಯಿರಿ, ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯುವ ಮೊದಲು ಇಲ್ಲಿ ಪಾಸಾಗಬೇಕಾದ ಐವಿಎ ಪರೀಕ್ಷೆಯಲ್ಲಿ ಹೊಗೆಯ ಮಿತಿ ಅದನ್ನೇ ಅವಲಂಬಿಸಿದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು ಸರ್. ಬೆಲ್‌ಹೌಸಿಂಗ್ ತರಿಸುತ್ತೇನೆ. ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ತುದಿಯಲ್ಲಿ ಖಾಲಿ ರಂಧ್ರ ಕಾಣುತ್ತಿದೆ, ಅದು ಹಾಗೇ ಇರಬೇಕೇ?

ಉತ್ತರ 2:
ಇರಬಾರದು. ಇನ್‌ಪುಟ್ ಶಾಫ್ಟಿನ ಮೂತಿಗೆ ಆಸರೆಯಾಗುವ ಸ್ಪಿಗಟ್ ಬೇರಿಂಗ್ ಅಲ್ಲಿ ಕೂರಬೇಕು. ಮಾಂಡಿಯೊಗೆ ಅದು ಬೇಕಿರಲಿಲ್ಲ. ರಂಧ್ರದ ಒಳ ಅಳತೆಯನ್ನೂ ಶಾಫ್ಟಿನ ಮೂತಿಯ ಅಳತೆಯನ್ನೂ ಕ್ಯಾಲಿಪರ್‌ನಲ್ಲಿ ತೆಗೆದು ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಕ್ರ್ಯಾಂಕಿನ ತುದಿಗೆ ಕೂರುವ ಭಾರದ ಚಕ್ರವಾದ ಫ್ಲೈವೀಲ್ ಬಿಗಿಯಬೇಡಿ.