ಕಲಬುರಗಿಯಿಂದ ಕೆನಡಾ ಬ್ಯಾಂಕ್ ಷೇರು: ಇಳುವರಿ ನೋಡಿ ಆರಿಸಿದ್ರ ಸಾಕಾ?

ಸೂಪರ್‌ಮಾರ್ಕೆಟ್ ಕಲಬುರಗಿ: ಡಿವಿಡೆಂಡಿಗಾಗಿ ರಾಯಲ್ ಬ್ಯಾಂಕ್, ಟಿಡಿ, ಸ್ಕೋಶಿಯಾ ಷೇರು ತಗೋಬೇಕಂತ ಅದ. ಇಳುವರಿ ಹೆಚ್ಚಿರೋದನ್ನ ಆರಿಸಿದ್ರ ಸಾಕೇನ್ರಿ? ತೆರಿಗೆ ಎಷ್ಟು ಹೋಗ್ತದ?

ಬೀದರ್ ಕೋಟೆ: ಇಳುವರಿ, ಅಂದ್ರ ಷೇರು ಬೆಲೆಯಾಗ ಡಿವಿಡೆಂಡ್ ಎಷ್ಟು ಪರ್ಸೆಂಟ್ ಅನ್ನೋದು, ಅದೊಂದನ್ನೇ ನೋಡಬ್ಯಾಡ್ರಿ. ಷೇರು ಬೆಲೆ ಬಿದ್ದಾಗೂ ಇಳುವರಿ ಏರಿದಂಗ ಕಾಣ್ತದ. ಮೊದಲು ಪೇಔಟ್ ನೋಡ್ರಿ, ಅಂದ್ರ ಲಾಭದಾಗ ಡಿವಿಡೆಂಡಿಗೆ ಹೋಗೋ ಪಾಲು. ಲಾಭದಾಗ 40–50% ಹಂಚೋದು ಈ ಬ್ಯಾಂಕುಗಳ ಸಾಮಾನ್ಯ ಗುರಿ. 60% ದಾಟಿ ಅಲ್ಲೇ ನಿಂತ್ರ ಮುಂದಿನ ಏರಿಕೆಗೆ ಜಾಗ ಕಡಿಮಿ. ಆಮೇಲೆ ಸಿಇಟಿ1 ಬಂಡವಾಳ, ಅಂದ್ರ ನಷ್ಟ ತಡಕೊಳ್ಳಾಕ ಬ್ಯಾಂಕಿನ ಹತ್ರ ಇರೋ ಸ್ವಂತ ಬಂಡವಾಳ, ಅಪಾಯಕ್ಕ ತಕ್ಕಂಗ ತೂಗಿದ ಆಸ್ತಿಯ ಪರ್ಸೆಂಟಿನಾಗ. ಕೆನಡಾದ ಬ್ಯಾಂಕ್ ನಿಯಂತ್ರಕ ಓಎಸ್‌ಎಫ್‌ಐ 2023ರ ನವೆಂಬರಿನಾಗ ದೊಡ್ಡ ಬ್ಯಾಂಕುಗಳ ಮಟ್ಟ 11.5%ಕ್ಕ ಏರಿಸ್ತು. ಅದಕ್ಕಿಂತ ಎಷ್ಟು ಮ್ಯಾಲಿದೆ ಅನ್ನೋದೇ ಮುಖ್ಯ. ಬ್ಯಾಂಕ್ ಆಫ್ ಮಾಂಟ್ರಿಯಲ್ 1829ರಿಂದ ಡಿವಿಡೆಂಡ್ ಕೊಡ್ತಾ ಬಂದದ, ಖರೆ. ಆದ್ರ 2020ರ ಮಾರ್ಚಿನಿಂದ 2021ರ ನವೆಂಬರ್ ತನಕ ಯಾವ ಬ್ಯಾಂಕೂ ಡಿವಿಡೆಂಡ್ ಏರಿಸದಂಗ ಓಎಸ್‌ಎಫ್‌ಐ ತಡೆದಿತ್ತು. ಟಿಡಿ ಬ್ಯಾರೆ ಮಾತು: ಅಕ್ರಮ ಹಣ ತಡೆಯೋ ವ್ಯವಸ್ಥೆಯ ಲೋಪಕ್ಕ 2024ರ ಅಕ್ಟೋಬರಿನಾಗ ಅದರ ಅಮೆರಿಕದ ಚಿಲ್ಲರೆ ಬ್ಯಾಂಕಿನ ಆಸ್ತಿಗೆ 434 ಬಿಲಿಯನ್ ಡಾಲರ್ ಮಿತಿ ಬಿತ್ತು.

ಯಾದಗಿರಿ ಲೆಕ್ಕ: ತೆರಿಗೆ 25%, ಕೆನಡಾದಾಗೇ ಕಡಿತ. ಭಾರತ–ಕೆನಡಾ ತೆರಿಗೆ ಒಪ್ಪಂದದ 15% ನೋಡಿ ಹಿಗ್ಗಬ್ಯಾಡ್ರಿ, ಅದು ಕನಿಷ್ಠ 10% ಮತಾಧಿಕಾರ ಇರೋ ಕಂಪನಿಗಳಿಗಷ್ಟೇ. 100 ಡಾಲರಿಗೆ 25 ಹೋಯ್ತು ಅನ್ರಿ. ನಿಮ್ಮದು 20% ಸ್ಲ್ಯಾಬ್ ಇದ್ರ ಅಲ್ಲಿ ಕಟ್ಟಿದ್ದಕ್ಕ ಇಲ್ಲಿನ ತೆರಿಗೆಯಾಗ ಕಳಿಯೋ ಕ್ರೆಡಿಟ್ ಸಿಗೋದು ಸುಮಾರು 20. ಉಳಿದದ್ದು ವಾಪಸ್ ಬರಂಗಿಲ್ಲ. ರಿಯಾಯಿತಿಯಿಂದ ನಿಮ್ಮ ತೆರಿಗೆ ಸೊನ್ನೆ ಆದ್ರಂತೂ 25 ಪೂರಾ ನಷ್ಟ. ಈ ಕ್ರೆಡಿಟ್ ಕೇಳಾಕ 2025-26ರ ಹಣಕಾಸು ವರ್ಷದ ಲೆಕ್ಕಕ್ಕ ಫಾರ್ಮ್ 67 ತುಂಬ್ರಿ. ರಿಟರ್ನಿನಾಗ ವಿದೇಶಿ ಆಸ್ತಿ ತೋರಿಸೋ ಶೆಡ್ಯೂಲ್ ಎಫ್‌ಎ ಮರೀಬ್ಯಾಡ್ರಿ, ಅದು ಜನವರಿ–ಡಿಸೆಂಬರ್ ಲೆಕ್ಕ.

ಬೀದರ್ ಕೋಟೆ: ಇನ್ನೊಂದು: ಕೆನಡಾದ ಆರು ದೊಡ್ಡ ಬ್ಯಾಂಕುಗಳಾಗ ಐದು ನ್ಯೂಯಾರ್ಕ್ ಷೇರುಪೇಟೆಯಲ್ಲೂ ಸಿಗ್ತಾವ. ನ್ಯಾಷನಲ್ ಬ್ಯಾಂಕ್ ಮಾತ್ರ ಟೊರೊಂಟೊದಾಗೇ ನೋಡಬೇಕು.