ಎಲ್5-ಎಸ್1 ಡಿಸ್ಕ್, ಹಿಮ್ಮಡಿಯ ರಿಫ್ಲೆಕ್ಸ್ ಮಂದ: ಕೈಚಿಕಿತ್ಸೆ ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ

ದಾವಣಗೆರೆಯ ಓಟಗಾರ್ತಿ: ಸೊಂಟದಿಂದ ಎಡಗಾಲಿಗೆ ಇಳಿಯುವ ನೋವು. ಎಂಆರ್‌ಐನಲ್ಲಿ ಎಲ್5-ಎಸ್1 ಡಿಸ್ಕ್, ಅಂದರೆ ಸೊಂಟದ ಕೊನೆಯ ಮೂಳೆಗೂ ಅದರ ಕೆಳಗಿನ ತ್ರಿಕಾಸ್ಥಿಗೂ ನಡುವಿನ ಮೆತ್ತೆ, ಹೊರಚಾಚಿದೆ. ಸುತ್ತಿಗೆಯಿಂದ ತಟ್ಟಿ ನೋಡಿದ ವೈದ್ಯರು ಎಡ ಹಿಮ್ಮಡಿಯ ರಿಫ್ಲೆಕ್ಸ್ (ತಟ್ಟಿದಾಗ ತಾನಾಗಿ ಆಗುವ ಸೆಳೆತ) ಮಂದವಾಗಿದೆ ಎಂದು ಬರೆದಿದ್ದಾರೆ. ಕಾಲಿನ ಬಲ ಕುಗ್ಗಿಲ್ಲ. ಹತ್ತು ಕಿಲೋಮೀಟರ್ ಓಟಕ್ಕೆ ಮರಳುವ ಆಸೆ. ಫಿಸಿಯೋಥೆರಪಿಯಲ್ಲಿ ಕೈಯಿಂದ ಒತ್ತಿ ಸಡಿಲಿಸುವ ಕೈಚಿಕಿತ್ಸೆ ಸಾಕೇ, ಬೆನ್ನನ್ನು ಲಟಕ್ ಎನ್ನಿಸುವವರ ಬಳಿಗೂ ಹೋಗಬೇಕೇ?

ಮೈಸೂರಿನ ನಿವೃತ್ತ ಬಸ್ ಚಾಲಕ: ಬೇಡಮ್ಮಾ. ನಾನು ಹೋಗಿದ್ದು ಹಾಗೆ ಲಟಕ್ ಎನ್ನಿಸುವ ಬೆಂಗಳೂರಿನ ಒಂದು ಕೈರೋಪ್ರಾಕ್ಟಿಕ್ ಕೇಂದ್ರಕ್ಕೆ. ಮೊದಲ ಭೇಟಿಗೆ 1,500 ರೂಪಾಯಿ. ಎಂಆರ್‌ಐ ಕೈಯಲ್ಲಿದ್ದರೂ ಅಲ್ಲಿಯೇ ಎಕ್ಸ್‌ರೇ ತೆಗೆಸಬೇಕು ಎಂದು 900. ‘ಮೂಳೆ ಜಾಗ ಬಿಟ್ಟಿದೆ, ಕೂರಿಸುತ್ತೇವೆ’ ಎಂದು 24,000ದ ಪ್ಯಾಕೇಜ್, ಅದೂ ಮುಂಗಡ. ರೈಲು, ಆಟೊ, ಊಟ ಸೇರಿ ಪ್ರತಿ ಸಲ 600ಕ್ಕೆ ಕಡಿಮೆಯಿಲ್ಲ. ಲಟಕ್ ಎಂದ ಕೂಡಲೇ ಮೈ ಹಗುರವಾಗುತ್ತಿತ್ತು, ನಿಜ. ರೈಲು ರಾಮನಗರ ದಾಟುವಷ್ಟರಲ್ಲಿ ಸೊಂಟ ಮತ್ತೆ ಹಿಡಿದುಕೊಳ್ಳುತ್ತಿತ್ತು. ಆ ಸದ್ದು ಮೂಳೆ ಕೂತ ಸದ್ದಲ್ಲ, ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಏಳುವ ಸದ್ದು. ಇದನ್ನು ಅವರು ಒಂದು ದಿನವೂ ಹೇಳಲಿಲ್ಲ. ಅರ್ಧಕ್ಕೆ ನಿಲ್ಲಿಸಿದೆ, ಉಳಿದ ಹಣ ಕೊಡಲಿಲ್ಲ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್: ಹಿರಿಯರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ಕೇಂದ್ರದ ಲೆಕ್ಕವನ್ನು ಕೈಚಿಕಿತ್ಸೆಯ ತಲೆಗೆ ಕಟ್ಟಬೇಡಿ. ಸ್ನಾಯುವಿನೊಳಗೆ ಎಳೆತವನ್ನು ಅರಿಯುವ ಸ್ಪಿಂಡಲ್‌ಗಳೆಂಬ ತಂತುಗಳು ಆ ಎಳೆತದ ಸುದ್ದಿಯನ್ನು ಬೆನ್ನುಹುರಿಗೆ ಮುಟ್ಟಿಸುತ್ತವೆ, ಹುರಿ ಮಿದುಳಿನ ಅಪ್ಪಣೆಗೆ ಕಾಯದೆ ಸ್ನಾಯುವನ್ನು ಬಿಗಿಸುತ್ತದೆ. ನರಕ್ಕೆ ವಿದ್ಯುತ್ ತಟ್ಟಿ ಮೂಡಿಸುವ, ಜರ್ಮನ್ ಶರೀರವಿಜ್ಞಾನಿ ಪಾಲ್ ಹಾಫ್‌ಮನ್ 1910ರಲ್ಲಿ ವಿವರಿಸಿದ ಎಚ್-ರಿಫ್ಲೆಕ್ಸ್‌ನಿಂದ ಹುರಿಯ ಈ ಪ್ರತಿಕ್ರಿಯೆಯನ್ನು ಅಳೆಯಬಹುದು. ಮೀನಖಂಡವನ್ನು ಹಿಸುಕುತ್ತಿರುವಾಗ ಅದು ತಗ್ಗುತ್ತದೆ, ಕೈ ತೆಗೆದ ಸ್ವಲ್ಪ ಹೊತ್ತಿಗೆ ಮೊದಲಿನಂತಾಗುತ್ತದೆ. ನಿಮ್ಮ ರಾಮನಗರದ ಕಥೆಯೂ ಇಂಥದ್ದೇ ಇರಬಹುದು. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಸದವನು ಅರ್ಧ ಕೆಲಸವನ್ನಷ್ಟೇ ಮಾಡಿದ್ದಾನೆ. ನಾನು ಕಬಡ್ಡಿ ಆಡುವ ಕಾಲದಲ್ಲಿ ಸೊಂಟ ಹಿಡಿದು ತಂಡದಿಂದ ಹೊರಬಿದ್ದವಳು. ಖಾಲಿ ಕೋಲು ಹಿಡಿದು ಬಾಗುವುದರಿಂದ ಆರಂಭಿಸಿ, ಭಾರ ಎತ್ತಿ, ಮತ್ತೆ ಅಂಕಣಕ್ಕೆ ಇಳಿದೆ. ಯಾರ ಬೆರಳೂ ನನ್ನ ಬೆನ್ನಿಗೆ ಆ ಬಲ ತುಂಬಲಿಲ್ಲ.

ಉಡುಪಿಯ ಗೃಹಿಣಿ: ನನಗೆ ಗುಣವಾದದ್ದು ಆಯುರ್ವೇದದ ಕಟಿಬಸ್ತಿಯಿಂದ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ, ಅದರೊಳಗೆ ಬಿಸಿ ತೈಲ. ಒಂದು ಸಲಕ್ಕೆ 800, ಮನೆಗೆ ಕೊಟ್ಟ ತೈಲಕ್ಕೆ 1,150, ಕಷಾಯಕ್ಕೆ 420. ಆ ತೈಲದ ಜಿಡ್ಡಿಗೆ ಎರಡು ಹಾಸಿಗೆ ಹೊದಿಕೆಗಳು ಹಾಳಾದವು, ಅದನ್ನೂ ಸೇರಿಸಿಕೊಳ್ಳಿ. ಆದರೂ ಈಗ ಬಾವಿಯಿಂದ ನೀರು ಸೇದುತ್ತೇನೆ. ಸ್ಪರ್ಶ ನೋವಿನ ದಾರಿಯನ್ನು ಬೆನ್ನುಹುರಿಯಲ್ಲೇ ಕಿರಿದಾಗಿಸಬಲ್ಲದು ಎಂದು ನೋವಿನ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲೇ ಬರೆದಿದ್ದಾರಲ್ಲವೇ? ಭಾರ ಎತ್ತಿದರೆ ಮಾತ್ರ ಚಿಕಿತ್ಸೆ ಎನ್ನುವ ಈ ಗರ್ವ ಒಳ್ಳೆಯದಲ್ಲ.

ಬೆಳಗಾವಿಯ ಗುತ್ತಿಗೆದಾರ: ತೈಲ, ಕೋಲು ಎಂದು ಮಾತಾಡುವವರು ನನ್ನ ಪಾದವನ್ನು ನೋಡಬೇಕು. ನನ್ನದು ಒಂದು ಮೆಟ್ಟಿಲು ಮೇಲಿನ ಎಲ್4-ಎಲ್5 ಡಿಸ್ಕ್. ಮಾಲೀಶು ಮಾಡುವವನು ಮೊಣಕಾಲು, ಹಿಮ್ಮಡಿ ಎರಡನ್ನೂ ತಟ್ಟಿ ‘ರಿಫ್ಲೆಕ್ಸ್ ಚೆನ್ನಾಗಿದೆ, ನರಕ್ಕೆ ಏನೂ ಆಗಿಲ್ಲ’ ಎಂದು ಎರಡು ತಿಂಗಳು ತಡೆದ. ಮೊಣಕಾಲಿನ ರಿಫ್ಲೆಕ್ಸ್ ಎಲ್3-ಎಲ್4 ನರಗಳದು, ಹಿಮ್ಮಡಿಯದು ಎಸ್1 ನರದ್ದು. ನಡುವಿನ ಎಲ್5 ನರ ಸೊರಗಿದರೆ ಆ ಎರಡೂ ಸರಿಯಾಗಿಯೇ ಇರುತ್ತವೆ! ಕಾಲಿನಿಂದ ಚಪ್ಪಲಿ ಜಾರತೊಡಗಿತು, ಆಮೇಲೆ ಪಾದ ಎತ್ತಲಾಗಲಿಲ್ಲ. ಶಸ್ತ್ರಚಿಕಿತ್ಸೆಯ ಬಿಲ್ಲು 1,92,000. ವಿಮೆಯವರು ಕೊಟ್ಟದ್ದು 1,31,000. ಕೈಗವಸು, ಸಿರಿಂಜು ಎಂದು 11,400 ಕಡಿದರು, ಕೊಠಡಿ ಬಾಡಿಗೆಯ ಮಿತಿ ಎಂದು ಉಳಿದದ್ದನ್ನು. ಆಮೇಲಿನ ಫಿಸಿಯೋಥೆರಪಿಗೆ ಒಂದು ಪೈಸೆಯೂ ಇಲ್ಲ. ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಓಡಿ. ಬೆಳಗಾಗಲಿ ಎನ್ನಬೇಡಿ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್: ಪಾದ ಬೀಳುವುದು ತುರ್ತು, ಒಪ್ಪಿದೆ. ಆದರೆ ನಿಮ್ಮ ಅನುಭವದಿಂದ ಎಲ್ಲರನ್ನೂ ಶಸ್ತ್ರಚಿಕಿತ್ಸೆಯ ಮೇಜಿಗೆ ಅಟ್ಟಬೇಡಿ. ಹೊರಚಾಚಿದ ಡಿಸ್ಕ್ ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ನಾನು ಇದನ್ನು ಹದಿನೈದು ವರ್ಷಗಳಿಂದ ನೋಡುತ್ತಿರುವ ಡಾಕ್ಟರ್.

ಬೆಳಗಾವಿಯ ಗುತ್ತಿಗೆದಾರ: ಡಾಕ್ಟರ್? ಫಿಸಿಯೋಥೆರಪಿಸ್ಟರು ಹಾಗೆ ಬರೆದುಕೊಳ್ಳಬಾರದು ಎಂದು ಕೇಂದ್ರ ಸರ್ಕಾರದಿಂದಲೇ ಪತ್ರ ಬಂದಿತ್ತು.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್: 2025ರ ಸೆಪ್ಟೆಂಬರಿನಲ್ಲಿ ಬಂದ ಆ ಪತ್ರವನ್ನು ಮರುದಿನವೇ ತಡೆಹಿಡಿದರು, ಅದನ್ನೂ ಹೇಳಿ. ವೈದ್ಯರಲ್ಲದ ಆರೋಗ್ಯ ವೃತ್ತಿಪರರಿಗಾಗಿ ಮಾಡಿದ 2021ರ ರಾಷ್ಟ್ರೀಯ ಕಾಯ್ದೆಯಲ್ಲಿ ನಮ್ಮ ವೃತ್ತಿಗೆ ಜಾಗವಿದೆ. ನಿಮ್ಮನ್ನು ಕೆಡಿಸಿದ ಮಾಲೀಶಿನವನನ್ನೂ ನನ್ನನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅವಮಾನ.

ಉಡುಪಿಯ ಗೃಹಿಣಿ: ಬಿರುದಿನ ಜಗಳದಲ್ಲಿ ಆ ಹುಡುಗಿ ಮರೆತೇಹೋದಳು. ನನ್ನ ತೈಲವನ್ನೂ ಯಾರೂ ವಿಚಾರಿಸಲಿಲ್ಲ.

ದಾವಣಗೆರೆಯ ಓಟಗಾರ್ತಿ: ಬೆಳಗಾವಿಯ ಅಣ್ಣನವರು ಹೇಳಿದ ಲೆಕ್ಕದಲ್ಲಿ ನನ್ನದು ಎಸ್1 ನರ, ಅಲ್ಲವೇ? ಹಾಗಾದರೆ ತುದಿಗಾಲಿನಲ್ಲಿ ಏಳುವ ಬಲವನ್ನು ಗಮನಿಸುತ್ತಿರಬೇಕೇ?

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್: ಹೌದು ಮೇಡಂ, ಒಂಟಿ ಕಾಲಿನಲ್ಲಿ, ಎರಡೂ ಬದಿ ಹೋಲಿಸಿ. ಎಡಗಡೆ ಬೇಗ ಸೋತರೆ ವೈದ್ಯರಿಗೆ ತೋರಿಸಿ. ನೋವು ಹೋದ ಮೇಲೂ ರಿಫ್ಲೆಕ್ಸ್ ಮಂದವಾಗಿಯೇ ಉಳಿಯಬಹುದು, ಅದೊಂದಕ್ಕೇ ಓಟ ಬಿಡಬೇಕಾಗಿಲ್ಲ.

ಮೈಸೂರಿನ ನಿವೃತ್ತ ಬಸ್ ಚಾಲಕ: ನನ್ನ ಪ್ಯಾಕೇಜಿನ ಉಳಿದ ಹಣದ ಬಗ್ಗೆ ಯಾರಾದರೂ ಹೇಳುತ್ತೀರಾ? ರಸೀದಿಗಳೆಲ್ಲ ನನ್ನ ಬಳಿ ಇವೆ.

ಬೆಳಗಾವಿಯ ಗುತ್ತಿಗೆದಾರ: ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕಿ ಸರ್. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿನ ಶುಲ್ಕವಿಲ್ಲ. ನೀವಿರುವ ಊರಿನಲ್ಲೇ ಸಲ್ಲಿಸಬಹುದು, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಎರಡು ವರ್ಷ ದಾಟುವ ಮೊದಲು ಹಾಕಿ.